ಹಳೆಯ ಫೈರ್ ಎಂಜಿನ್‌ನ ತಂಪುಕೊಳವೆ: ಸೋರುತ್ತಿರುವುದು ಯಾವ ನೀರು?

ಬೇಸಿಗೆಯ ನಡುಮಧ್ಯಾಹ್ನ ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಂಥ ಊರಿನಲ್ಲಿ ಹುಲ್ಲಿನ ಬಣವೆಗೆ ಬೆಂಕಿ ತಗುಲಿತೆಂದರೆ ಅದು ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸವಲ್ಲ. ಮೇಲಿನ ಜ್ವಾಲೆ ಬೇಗ ಅಡಗುತ್ತದೆ, ಒಳಗಿನ ಕೆಂಡ ಅಡಗುವುದಿಲ್ಲ. ಬಣವೆಯನ್ನು ಕೆದಕುತ್ತ, ಪದರ ಪದರವಾಗಿ ಬಿಡಿಸುತ್ತ ಗಂಟೆಗಟ್ಟಲೆ ನೀರು ಹೊಡೆಯಬೇಕಾಗುತ್ತದೆ. ಅಷ್ಟೂ ಹೊತ್ತು ಅಗ್ನಿಶಾಮಕ ವಾಹನ ಒಂದು ಅಂಗುಲವೂ ಕದಲದೆ ನಿಂತಿರುತ್ತದೆ. ಆದರೆ ಅದರ ಎಂಜಿನ್ ಮಾತ್ರ ಘಟ್ಟ ಹತ್ತುವ ಲಾರಿಯ ಎಂಜಿನ್ನಿನಂತೆ ದುಡಿಯುತ್ತಿರುತ್ತದೆ.

ಅಗ್ನಿಶಾಮಕ ವಾಹನದ ತಂಪು ವ್ಯವಸ್ಥೆ ಉಳಿದ ಲಾರಿಗಳಿಗಿಂತ ಭಿನ್ನವಾಗಿರುವುದು ಇದೇ ಕಾರಣಕ್ಕೆ. ಓಡುವ ಲಾರಿಯ ರೇಡಿಯೇಟರಿಗೆ ಎದುರುಗಾಳಿ ತಾನಾಗಿ ನುಗ್ಗುತ್ತದೆ. ನಿಂತು ದುಡಿಯುವ ವಾಹನಕ್ಕೆ ಫ್ಯಾನಿನ ಗಾಳಿಯೊಂದೇ ಗತಿ, ಅದೂ ಬೆಂಕಿಯ ಸಮೀಪದ ಬಿಸಿಗಾಳಿ. ಹೀಗಾಗಿ ಹಳೆಯ ಫೈರ್ ಎಂಜಿನ್‌ಗಳನ್ನು ಕಟ್ಟಿದವರು ಕೈಗೆ ಸಿಗುವ ಇನ್ನೊಂದು ತಂಪಿನ ಮೂಲವನ್ನು ಬಳಸಿಕೊಂಡರು. ಅದು ಬೆಂಕಿಗೆಂದು ಪಂಪ್ ಎತ್ತುತ್ತಿರುವ ನೀರೇ. ಪಂಪ್‌ನ ಒತ್ತಡದ ಕಡೆಯಿಂದ ಹೆಬ್ಬೆರಳು ಗಾತ್ರದ ಒಂದು ಕೊಳವೆ ಹೊರಟು, ಜಾಲರಿಯೊಂದನ್ನು ದಾಟಿ, ಕವಾಟದ ಮೂಲಕ ಶಾಖ ವಿನಿಮಯಕದೊಳಗೆ ಹೋಗುತ್ತದೆ. ಅಲ್ಲಿ ಎಂಜಿನ್ನಿನ ಬಿಸಿನೀರಿನ ನಡುವೆ ತಾಮ್ರದ ಸುರುಳಿಯಲ್ಲಿ ಹರಿದು, ಬಿಸಿಯನ್ನು ಹೊತ್ತುಕೊಂಡು ಪಂಪ್‌ನ ಹೀರುವ ಕಡೆಗೋ ನೀರಿನ ಟ್ಯಾಂಕಿಗೋ ನೆಲಕ್ಕೋ ಮರಳುತ್ತದೆ. ಕೆಲವು ವಾಹನಗಳಲ್ಲಿ ಇದೇ ನೀರು ಪಂಪ್‌ನ ಗೇರ್‌ಬಾಕ್ಸಿನ ಎಣ್ಣೆಯನ್ನೂ ತಣಿಸುತ್ತದೆ.

ಅಂದರೆ ಇಂಥ ವಾಹನದಲ್ಲಿ ಎರಡು ನೀರುಗಳಿವೆ. ಒಂದು ಎಂಜಿನ್ನಿನ ಒಳಗೇ ಸುತ್ತುವ ನೀರು, ಇನ್ನೊಂದು ಕೆರೆ, ಬಾವಿ, ಟ್ಯಾಂಕಿನಿಂದ ಬಂದು ಹೋಗುವ ನೀರು. ಎರಡರ ನಡುವೆ ಇರುವುದು ತೆಳ್ಳನೆಯ ತಾಮ್ರದ ಗೋಡೆ ಮಾತ್ರ. ದುರಸ್ತಿಗೆ ಕೈಹಾಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಎಲ್ಲಿ ಸೋರುತ್ತಿದೆ’ ಎಂಬುದಲ್ಲ, ‘ಯಾವ ನೀರು ಸೋರುತ್ತಿದೆ, ಯಾವ ಕಡೆಗೆ’ ಎಂಬುದು. ಇದನ್ನು ಅರಿಯದೆ ಅವಸರದಲ್ಲಿ ಮಾಡಿದ ದುರಸ್ತಿಯು ಐವತ್ತು ವರ್ಷ ಬಾಳಿದ ಎಂಜಿನ್ನನ್ನು ಒಂದೇ ದಿನದಲ್ಲಿ ಮುಗಿಸಿಬಿಡಬಲ್ಲದು.

ಉಳಿದಿರುವುದೇ ಕೆಲವು

ಪೆಟ್ರೋಲ್ ಎಂಜಿನ್ನೊಂದರಿಂದಲೇ ವಾಹನವನ್ನೂ ಓಡಿಸಿ ಪಂಪನ್ನೂ ನಡೆಸುವ ಪದ್ಧತಿಗೆ ನೂರಿಪ್ಪತ್ತು ವರ್ಷಗಳ ಇತಿಹಾಸವಿದೆ. ಇಂಗ್ಲೆಂಡಿನ ಮೆರ್ರಿವೆದರ್ ಕಂಪನಿ 1904ರಲ್ಲಿ ಫಿಂಚ್ಲಿ ಪಟ್ಟಣಕ್ಕೆ ಅಂಥ ವಾಹನವನ್ನು ಕಟ್ಟಿಕೊಟ್ಟಿತು. ಅದರ ಮುಂದಿನ ದಶಕದ ಒಂದು ವಾಹನ ಇಂದಿಗೂ ನಮ್ಮ ದೇಶದಲ್ಲಿದೆ. ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದಲ್ಲಿರುವ 1914ರ ಜಾನ್ ಮಾರಿಸ್ ಫೈರ್ ಎಂಜಿನ್ ಅದು. ಹೈದರಾಬಾದಿನ ನಿಜಾಮರ ಸರ್ಕಾರಿ ರೈಲ್ವೆಗೆ ಸೇರಿದ್ದ ಈ ವಾಹನ ಗಟ್ಟಿ ರಬ್ಬರಿನ ಟಯರುಗಳ ಮೇಲೆ ದೆಹಲಿಯ ಹಳೆಯ ವಾಹನಗಳ ರ‍್ಯಾಲಿಯಲ್ಲಿ ಓಡಿದೆ. ನಮ್ಮ ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿಗೆ ಹೋಗುವ ಹಳಿ ಅದೇ ನಿಜಾಮರ ರೈಲ್ವೆಯದು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಗೊಂಬೆಯಾಗಿ ಉಳಿಯದೆ ಓಡುವ ಸ್ಥಿತಿಯಲ್ಲಿ ಉಳಿದಿರುವುದು ಅದರ ವಿಶೇಷ. ಶತಮಾನ ಕಳೆದ ಎಂಜಿನ್ ಓಡಬೇಕಾದರೆ ಅದರ ನೀರಿನ ದಾರಿಗಳು ಸರಿಯಿರಲೇಬೇಕು.

ಸ್ವಾತಂತ್ರ್ಯಾನಂತರ ನಮ್ಮ ಊರುಗಳಿಗೆ ಬಂದ ಅಗ್ನಿಶಾಮಕ ವಾಹನಗಳು ಬೇರೆ ಬಗೆಯವು. ಬೆಡ್‌ಫೋರ್ಡ್, 1954ರಿಂದ ತಯಾರಾದ ಟಾಟಾ ಮರ್ಸಿಡಿಸ್-ಬೆಂಜ್, ಅಶೋಕ್ ಲೇಲ್ಯಾಂಡ್ ಕಾಮೆಟ್ ಮುಂತಾದ ಲಾರಿಗಳ ಚಾಸಿಯ ಮೇಲೆ ಪಂಪು, ಟ್ಯಾಂಕು, ಏಣಿಗಳನ್ನು ಕೂರಿಸಿ ಅವುಗಳನ್ನು ಕಟ್ಟಲಾಗುತ್ತಿತ್ತು. ಅವುಗಳಲ್ಲಿ ಬಹುಪಾಲು ಗುಜರಿಗೆ ಹೋಗಿವೆ. ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸಬಾರದೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಉಳಿದವುಗಳ ಆಯುಷ್ಯವೂ ಲೆಕ್ಕಕ್ಕೆ ಸಿಕ್ಕಿತು. ಐವತ್ತು ವರ್ಷ ದಾಟಿದ ವಾಹನಗಳನ್ನು ಪಾರಂಪರಿಕವೆಂದು ನೋಂದಾಯಿಸುವ ನಿಯಮವೊಂದು 2021ರಲ್ಲಿ ಬಂದಿದೆ, ನಿಜ. ಆದರೆ ಅದು ದ್ವಿಚಕ್ರ ವಾಹನಗಳು ಹಾಗೂ ಪ್ರಯಾಣಿಕರ ಕಾರುಗಳನ್ನು ಗಮನದಲ್ಲಿಟ್ಟುಕೊಂಡು ರೂಪಿಸಿದ್ದು. ಶ್ರೀಮಂತರ ಮನೆಯ ಕಾರಿಗೆ ದೊರೆತ ರಕ್ಷಣೆ ಊರಿನ ಬೆಂಕಿಯಾರಿಸಿದ ಲಾರಿಗೆ ದೊರೆತಿಲ್ಲ ಎಂಬುದು ವಿಷಾದದ ಸಂಗತಿ. ಆದಕಾರಣ ಇಂದು ಉಳಿದಿರುವ ಹಳೆಯ ಫೈರ್ ಎಂಜಿನ್ ಸಾಮಾನ್ಯವಾಗಿ ಯಾವುದೋ ಆವರಣದಲ್ಲಿ ನಿಂತಿರುತ್ತದೆ. ರಸ್ತೆಗೆ ಇಳಿಯದಿದ್ದರೂ ಎಂಜಿನ್ ಚಾಲೂ ಆಗಿ ಪಂಪ್ ನೀರು ಚಿಮ್ಮಿಸುವಂತಿದ್ದರೆ ಅದಕ್ಕೆ ಜೀವವಿದೆಯೆಂದೇ ಹೇಳಬೇಕು. ಆ ಜೀವ ಹೋಗುವುದು ಬಹುತೇಕ ನೀರಿನ ದಾರಿಯಿಂದಲೇ.

ಬಂಡೆಯ ನೀರು

ಈ ಸೀಮೆಯಲ್ಲಿ ವಾಹನ ಇಟ್ಟುಕೊಂಡವರಿಗೆ ಇನ್ನೊಂದು ತೊಡಕುಂಟು. ರಾಮನಗರದ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರು. ಊರಿಗೆ ಹಿಂದೆ ಇದ್ದ ಹೆಸರಿನಿಂದ ಬಂದದ್ದು ಅದು. ಇಂಥ ಬಂಡೆಯ ಬಿರುಕುಗಳಲ್ಲಿ ನಿಂತ ಕೊಳವೆಬಾವಿ ನೀರು ಹಲವೆಡೆ ಗಡಸು. ಸ್ನಾನದ ಮನೆಯ ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಪದರವನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಅದೇ ಪದರ ಎಂಜಿನ್ನಿನ ಒಳಗೆ, ಸಿಲಿಂಡರುಗಳ ಸುತ್ತ, ರೇಡಿಯೇಟರಿನ ಕಡ್ಡಿಯಷ್ಟು ಸಣ್ಣ ಕೊಳವೆಗಳೊಳಗೆ ಕಟ್ಟುತ್ತದೆ. ಸುಣ್ಣದ ಪದರ ಶಾಖವನ್ನು ಲೋಹದಂತೆ ದಾಟಿಸುವುದಿಲ್ಲ. ಹೊರಗೆ ಮುಳ್ಳು ಇನ್ನೂ ಸುರಕ್ಷಿತ ಎನ್ನುತ್ತಿರುವಾಗಲೇ ಒಳಗೆ ಲೋಹ ಮಿತಿಮೀರಿ ಕಾದಿರಬಹುದು.

ಮಾಪಕದ ವಿಷಯದಲ್ಲೂ ಒಂದು ಮಾತು. ಹಳೆಯ ವಾಹನಗಳ ರೇಡಿಯೇಟರ್ ಮುಚ್ಚಳಗಳಲ್ಲಿ ಒತ್ತಡವೇ ಇರುತ್ತಿರಲಿಲ್ಲ, ಇದ್ದರೂ ಅಲ್ಪ. ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಚನ್ನಪಟ್ಟಣದಲ್ಲಿ ಒತ್ತಡವಿಲ್ಲದ ನೀರು 98 ಡಿಗ್ರಿ ಸೆಲ್ಸಿಯಸ್ ತಲುಪುವ ಮುನ್ನವೇ ಕುದಿಯತೊಡಗುತ್ತದೆ. ಮಾಪಕ ನೂರು ಮುಟ್ಟಲಿ, ಆಗ ನೋಡೋಣ ಎಂದು ಕಾಯುವುದು ತರವಲ್ಲ.

ದೋಷ ಹುಡುಕುವ ಕ್ರಮ

ಬಿಚ್ಚುವ ಮುನ್ನ ನೋಡುವುದು ಲೇಸು. ವಾಹನವನ್ನು ಆವರಣದೊಳಗೆ ಓಡಿಸಿದಾಗ ಕಾಯದೆ, ನಿಲ್ಲಿಸಿ ಪಂಪ್ ನಡೆಸಿದಾಗ ಮಾತ್ರ ಕಾಯುತ್ತಿದ್ದರೆ ರೇಡಿಯೇಟರನ್ನು ದೂಷಿಸುವ ಮೊದಲು ಹೆಚ್ಚುವರಿ ತಂಪುಕೊಳವೆಯನ್ನು ಶಂಕಿಸಬೇಕು. ಅದರಲ್ಲಿಯೂ ಮೊದಲು ತೆರೆಯಬೇಕಾದದ್ದು ಜಾಲರಿ. ಕೆರೆಯ ನೀರು ಎಳೆದ ವಾಹನವಾದರೆ ಪಾಚಿ, ಮರಳು, ಕಪ್ಪೆಚಿಪ್ಪಿನ ಚೂರು ಎಲ್ಲವೂ ಅಲ್ಲಿ ಸಿಗುತ್ತವೆ. ಎರಡನೆಯದು ಕವಾಟ. ವರ್ಷಗಟ್ಟಲೆ ತಿರುಗಿಸದ ಕವಾಟದ ಹಿಡಿ ತಿರುಗಿದರೂ ಒಳಗಿನ ಬಿಲ್ಲೆ ಕಡ್ಡಿಯಿಂದ ಕಳಚಿ ಬಿದ್ದು ದಾರಿಗೆ ಅಡ್ಡಲಾಗಿರುವುದುಂಟು.

ಇನ್ನು ಎರಡು ನೀರುಗಳ ನಡುವಣ ಗೋಡೆ ತೂತಾಗಿದೆಯೇ ಎಂಬುದನ್ನು ತಿಳಿಯುವ ಬಗೆ. ಪಂಪ್ ನಡೆಯುವಾಗ ಅದರ ನೀರಿನ ಒತ್ತಡ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 7 ಕಿಲೋ, ರೇಡಿಯೇಟರಿನದು ಅರ್ಧ ಕಿಲೋವೂ ಇಲ್ಲ. ಆದ್ದರಿಂದ ಸುರುಳಿ ತೂತಾಗಿದ್ದರೆ ಪಂಪ್ ನಡೆಯುವಾಗ ರೇಡಿಯೇಟರಿನ ನೀರು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಮೇಲಿನ ಕೊಳವೆಯಿಂದ ಉಕ್ಕಿ ಹರಿಯುತ್ತದೆ. ನೋಡಿದವರು ಕುದಿಯುತ್ತಿದೆ ಎಂದು ತಪ್ಪು ತಿಳಿಯುತ್ತಾರೆ. ಪಂಪ್ ನಿಲ್ಲಿಸಿ ರಾತ್ರಿ ಬಿಟ್ಟರೆ ಸೋರಿಕೆಯ ದಿಕ್ಕು ತಿರುಗಬಹುದು. ಎಂಜಿನ್ನಿನ ನೀರು ಅದೇ ತೂತಿನಿಂದ ಖಾಲಿ ಪಂಪ್‌ಗೆ ಇಳಿದುಹೋಗುತ್ತದೆ, ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಬೆಳಿಗ್ಗೆ ನೀರು ಕಡಿಮೆ, ಪಂಪ್ ನಡೆಸಿದರೆ ಹೆಚ್ಚು ಎಂಬ ಈ ವಿಚಿತ್ರ ಲಕ್ಷಣ ಕಂಡರೆ ಹೆಡ್ ಗ್ಯಾಸ್ಕೆಟ್ ಬದಲಿಸುವ ಖರ್ಚಿಗೆ ಇಳಿಯಬೇಡಿ, ಮೊದಲು ಶಾಖ ವಿನಿಮಯಕವನ್ನು ಕಳಚಿ ನೋಡಿ. ಎಂಜಿನ್ ಎಣ್ಣೆ ಮಜ್ಜಿಗೆಯಂತೆ ಬಿಳುಪಾಗಿದ್ದರೆ ಅಥವಾ ರೇಡಿಯೇಟರಿನಲ್ಲಿ ಎಂಜಿನ್ ಚಾಲೂ ಆದೊಡನೆ ಗುಳ್ಳೆಗಳು ಏಳುತ್ತಿದ್ದರೆ ಮಾತ್ರ ಗ್ಯಾಸ್ಕೆಟ್ಟಿನ ಮಾತು.

ಮೂರನೆಯ ಬಗೆಯ ಸೋರಿಕೆ ಇನ್ನೂ ಮೋಸದ್ದು. ತಂಪುಕೊಳವೆಯ ಮರಳುವ ತುದಿ ಪಂಪ್‌ನ ಹೀರುವ ಕಡೆಗೆ ಸೇರಿರುವ ವಾಹನಗಳಲ್ಲಿ ಆ ಭಾಗದಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ನೀರು ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ. ಟ್ಯಾಂಕಿನ ನೀರಾದರೆ ಪಂಪ್ ಚೆನ್ನಾಗಿಯೇ ನಡೆಯುತ್ತದೆ. ಕೆರೆಗೆ ಸಕ್ಷನ್ ಹೋಸ್ ಇಳಿಬಿಟ್ಟಾಗ ಮಾತ್ರ ನೀರು ಏರುವುದೇ ಇಲ್ಲ. ಪಂಪ್‌ನ ಸೀಲುಗಳನ್ನೆಲ್ಲ ಬದಲಿಸಿ ಕೈಸೋತವರು ಕೊನೆಗೆ ಈ ಕೊಳವೆಯ ಮುಂದೆ ಬಂದು ಕೂರುತ್ತಾರೆ. ಪರೀಕ್ಷೆ ಸುಲಭ. ಸಕ್ಷನ್ ಬಾಯಿಗೆ ಮುಚ್ಚಳ ಬಿಗಿದು, ಪ್ರೈಮರ್ ನಡೆಸಿ ನಿರ್ವಾತ ಏರಿಸಿ, ನಿಲ್ಲಿಸಿದ ಮೇಲೆ ಮಾಪಕದ ಮುಳ್ಳು ಬೇಗ ಇಳಿಯುತ್ತದೆಯೇ ನೋಡುವುದು. ಇಳಿದರೆ ತಂಪುಕೊಳವೆಯ ತುದಿಯನ್ನು ಕಳಚಿ, ಆ ಬಾಯಿಯನ್ನು ಡಮ್ಮಿ ಹಾಕಿ ಮುಚ್ಚಿ ಮತ್ತೊಮ್ಮೆ ನೋಡಬೇಕು. ಈಗ ಮುಳ್ಳು ನಿಂತರೆ ಅಪರಾಧಿ ಸಿಕ್ಕಂತೆ.

ಬಿಚ್ಚಿದ ಮೇಲೆ

ಎಂಜಿನ್ ಪೂರ್ಣ ತಣಿದ ಮೇಲೆಯೇ ರೇಡಿಯೇಟರ್ ಮುಚ್ಚಳ ತೆರೆಯಬೇಕೆಂಬುದನ್ನು ಎಲ್ಲರೂ ಬಲ್ಲರು, ಆದರೂ ಮುಖ ಸುಟ್ಟುಕೊಳ್ಳುವವರು ಇದ್ದೇ ಇದ್ದಾರೆ. ನೀರನ್ನು ಇಳಿಸುವಾಗ ರೇಡಿಯೇಟರಿನ ಕಾಕ್ ಮಾತ್ರ ತೆರೆದರೆ ಸಾಲದು. ಎಂಜಿನ್ ಬ್ಲಾಕಿನ ಪಕ್ಕದಲ್ಲಿ ಇನ್ನೊಂದಿರುತ್ತದೆ. ಅದನ್ನು ತೆರೆದಾಗ ನೀರು ಬಾರದಿದ್ದರೆ ಬ್ಲಾಕ್ ಖಾಲಿಯಿದೆ ಎಂದಲ್ಲ, ಅದರ ಬಾಯಿ ಹೂಳಿನಿಂದ ಕಟ್ಟಿದೆ ಎಂದರ್ಥ. ತಂತಿಯಿಂದ ಕುಕ್ಕಿ ಬಿಡಿಸಬೇಕು. ಬ್ಲಾಕಿನ ಹಿಂಬದಿಯ ಸಿಲಿಂಡರಿನ ತಳದಲ್ಲಿ ತುಕ್ಕು ಮತ್ತು ಸುಣ್ಣ ಸೇರಿದ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ತಗಡಿನ ಪ್ಲಗ್ಗುಗಳನ್ನು ತೆಗೆದು ಕೆರೆದರೆ ಹೊರತು ಅದು ಯಾವ ದ್ರಾವಣಕ್ಕೂ ಬಗ್ಗದು. ಹಳೆಯ ಗ್ಯಾಸ್ಕೆಟ್ಟುಗಳಲ್ಲಿಯೂ ಹೊಗೆಕೊಳವೆಗೆ ಸುತ್ತಿದ ಪಟ್ಟಿಯಲ್ಲಿಯೂ ಕಲ್ನಾರು ಇರುವ ಸಂಭವವಿದೆ. ಒಣಗಿದ್ದಾಗ ಕೆರೆಯದೆ ನೀರಿನಿಂದ ನೆನೆಸಿ, ಮುಖಕ್ಕೆ ತಕ್ಕ ಮಾಸ್ಕ್ ಧರಿಸಿ ತೆಗೆಯಬೇಕು.

ಸುಣ್ಣ ಕರಗಿಸಲು ಶೌಚಾಲಯ ತೊಳೆಯುವ ಆಸಿಡ್ ಸುರಿಯುವ ಪದ್ಧತಿ ನಮ್ಮಲ್ಲಿದೆ. ಅದು ಸುಣ್ಣವನ್ನು ಕರಗಿಸುವ ವೇಗದಲ್ಲೇ ಎರಕದ ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ, ಹಿತ್ತಾಳೆಯೊಳಗಿನ ಸತುವನ್ನು ಕಸಿದು ಅದನ್ನು ಪೊಳ್ಳು ಮಾಡುತ್ತದೆ. ಅದಕ್ಕಿಂತ ನಿಂಬೆ ಉಪ್ಪು ಸೌಮ್ಯ. ಹತ್ತು ಲೀಟರ್ ನೀರಿಗೆ ಸುಮಾರು ಅರ್ಧ ಕಿಲೋ ಬೆರೆಸಿ, ಉಗುರುಬೆಚ್ಚಗಿಂತ ಸ್ವಲ್ಪ ಹೆಚ್ಚು ಬಿಸಿಯಿರುವಂತೆ ಒಂದೆರಡು ಗಂಟೆ ಬಿಟ್ಟು, ಗುಳ್ಳೆ ನಿಂತ ಮೇಲೆ ಇಳಿಸಿ, ತಿಳಿನೀರು ಬರುವವರೆಗೆ ತೊಳೆಯಬೇಕು. ತೊಳೆಯುವಾಗ ನೀರನ್ನು ಅದು ದಿನವೂ ಹರಿಯುವ ದಿಕ್ಕಿಗೆ ವಿರುದ್ಧವಾಗಿ ಬಿಟ್ಟರೆ ಕೂತ ಕಸ ಎದ್ದುಬರುತ್ತದೆ. ಶುಚಿ ಮಾಡಿದ ಮೇಲೆ ಹಿಂದಿಲ್ಲದ ಕಡೆಗಳಲ್ಲಿ ಸೋರತೊಡಗುವುದೂ ಉಂಟು. ಇದಕ್ಕೆ ದ್ರಾವಣವನ್ನು ಬೈದು ಪ್ರಯೋಜನವಿಲ್ಲ. ತೂತು ಮೊದಲೇ ಇತ್ತು, ಸುಣ್ಣ ಅದನ್ನು ಮುಚ್ಚಿಟ್ಟಿತ್ತು.

ತಾಮ್ರದ ಕೊಳವೆಗಳು ಒಡೆಯುವುದು ಹೆಚ್ಚಾಗಿ ನಡುವಿನಲ್ಲಲ್ಲ, ನಟ್ ಬಿಗಿದ ತುದಿಗಳಲ್ಲಿ. ಎಂಜಿನ್ನಿನ ಅದುರುವಿಕೆಯಿಂದ ತಾಮ್ರ ವರ್ಷಾನುಗಟ್ಟಲೆ ನಡುಗಿ ನಡುಗಿ ಗಡುಸಾಗಿ, ಕೊನೆಗೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಅಂಥ ಕೊಳವೆಯನ್ನು ಹಾಗೆಯೇ ಬಾಗಿಸಹೋದರೆ ಕೈಯಲ್ಲೇ ಮುರಿಯುತ್ತದೆ. ಮಂದ ಕೆಂಪಾಗುವವರೆಗೆ ಕಾಯಿಸಿ ಬಿಟ್ಟರೆ ತಾಮ್ರ ಮತ್ತೆ ಮೆದುವಾಗುತ್ತದೆ. ಕಾಯಿಸಿದ್ದನ್ನು ನೀರಿನಲ್ಲಿ ಅದ್ದಿದರೆ ಉಕ್ಕು ಗಡುಸಾಗುತ್ತದೆ, ತಾಮ್ರ ಗಡುಸಾಗುವುದಿಲ್ಲ. ಬಿರುಕಿದ ತುದಿಯನ್ನು ಕತ್ತರಿಸಿ, ಹೊಸದಾಗಿ ಬಾಯಿ ಅರಳಿಸಿ ಕೂರಿಸಬೇಕು. ಉದ್ದ ಸಾಲದಿದ್ದರೆ ಕೊಳವೆಯನ್ನೇ ಬದಲಿಸಬೇಕೇ ಹೊರತು ಎಳೆದು ಬಿಗಿಯಬಾರದು. ಅಲ್ಲಲ್ಲಿ ರಬ್ಬರ್ ಸುತ್ತಿದ ಹಿಡಿಕೆ ಹಾಕಿ ಚಾಸಿಗೆ ಕಟ್ಟದಿದ್ದರೆ ಹೊಸ ಕೊಳವೆಗೂ ಹಳೆಯದರ ಗತಿಯೇ.

ಕೊಳವೆಬಾವಿ ಸಾಮಾನಿನ ಅಂಗಡಿ ಪ್ರತಿ ಊರಿನಲ್ಲೂ ಇರುವುದರಿಂದ ತಾಮ್ರದ ಬದಲು ಜಿ.ಐ. ಪೈಪಿನ ತುಂಡು ಜೋಡಿಸುವುದು ಸಾಮಾನ್ಯ. ತಾಮ್ರ ಮತ್ತು ಸತು ಲೇಪಿತ ಕಬ್ಬಿಣ ನೀರಿನಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಸತುವೂ ಕಬ್ಬಿಣವೂ ಬೇಗ ಸವೆಯುತ್ತವೆ. ಆ ಜೋಡಣೆ ಕೆಲವು ತಿಂಗಳ ಬಾಳಿಕೆಯದು. ಪಿ.ವಿ.ಸಿ. ಪೈಪಿನ ಮಾತೇ ಬೇಡ, ಎಂಜಿನ್ನಿನ ಬಿಸಿಗೆ ಅದು ಬಾಗಿಬಿಡುತ್ತದೆ.

ರಬ್ಬರ್ ಹೋಸ್‌ಗಳನ್ನು ಹೊರಗಿನಿಂದ ನೋಡಿ ನಿರ್ಣಯಿಸುವಂತಿಲ್ಲ. ಹೊರಗೆ ಕಪ್ಪಗೆ ಹೊಳೆಯುತ್ತಿದ್ದರೂ ಒಳಪದರ ಚಕ್ಕೆಯೆದ್ದು ಹರಿವಿಗೆ ಬಾಗಿಲು ಹಾಕಿರಬಹುದು. ಎಂಜಿನ್ ತಣ್ಣಗಿರುವಾಗ ಹಿಸುಕಿದರೆ ಕರಕರ ಎನ್ನುವ ಹೋಸ್ ಬದಲಿಸುವಂಥದ್ದು. ಕೆಳಗಿನ ಹೋಸ್ ವಾಟರ್ ಪಂಪಿನ ಎಳೆತಕ್ಕೆ ಚಪ್ಪಟೆಯಾಗದಿರಲೆಂದು ಒಳಗೆ ಸ್ಪ್ರಿಂಗ್ ಇಟ್ಟಿರುತ್ತಾರೆ. ಹೊಸದು ಹಾಕುವಾಗ ತುಕ್ಕು ಹಿಡಿದ ಸ್ಪ್ರಿಂಗನ್ನು ಎಸೆದು ಸುಮ್ಮನಾಗುವವರೇ ಹೆಚ್ಚು. ಆಮೇಲೆ ಎಂಜಿನ್ ವೇಗ ಹೆಚ್ಚಿಸಿದಾಗ ಮಾತ್ರ ಕಾಯುವ ರೋಗ ಶುರುವಾಗುತ್ತದೆ.

ವಾಟರ್ ಪಂಪಿನ ವಿಷಯದಲ್ಲಿ ನಮ್ಮ ರೈತರಿಗೆ ಹೇಳಿಕೊಡಬೇಕಾದದ್ದೇನೂ ಇಲ್ಲ. ಹಳೆಯ ಎಂಜಿನ್ನುಗಳಲ್ಲಿ ಪಂಪ್‌ಸೆಟ್ಟಿನಲ್ಲಿದ್ದಂತೆಯೇ ಗ್ಲ್ಯಾಂಡ್ ರೋಪ್ ಇರುತ್ತದೆ. ಅದು ಆಗೊಂದು ಈಗೊಂದು ಹನಿ ತೊಟ್ಟಿಕ್ಕುವುದು ದೋಷವಲ್ಲ. ಒಂದು ಹನಿಯೂ ಬೀಳಬಾರದೆಂದು ನಟ್ಟನ್ನು ಬಿಗಿಯುತ್ತ ಹೋದರೆ ಶಾಫ್ಟ್ ಗೀರು ಬಿದ್ದು ಕೊನೆಗೆ ಧಾರೆಯಾಗಿ ಸುರಿಯುತ್ತದೆ. ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿ, ಅದರ ಮೇಲೆ ಕೊರೆದ ಉಷ್ಣತೆಗೆ ತೆರೆದುಕೊಳ್ಳುತ್ತದೆಯೇ ನೋಡಬಹುದು. ಕೆಟ್ಟಿದ್ದರೆ ಬದಲಿಸಬೇಕು. ತೆಗೆದೆಸೆದು ಹಾಗೇ ಬಿಡುವುದು ಪರಿಹಾರವಲ್ಲ, ಕೆಲವು ಎಂಜಿನ್ನುಗಳಲ್ಲಿ ಆಗ ನೀರು ರೇಡಿಯೇಟರನ್ನು ತಪ್ಪಿಸಿ ಅಡ್ಡದಾರಿಯಲ್ಲೇ ಸುತ್ತುತ್ತದೆ.

ರೇಡಿಯೇಟರ್ ಕೆಲಸ ಮಾತ್ರ ಬಲ್ಲವರ ಕೈಗೇ ಹೋಗಬೇಕು. ಹಿತ್ತಾಳೆ-ತಾಮ್ರದ ಹಳೆಯ ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ಟ್ಯಾಂಕುಗಳನ್ನು ಕಾಯಿಸಿ ಬಿಡಿಸಿ, ಒಂದೊಂದೇ ಕೊಳವೆಯಲ್ಲಿ ಚಪ್ಪಟೆ ಸಲಾಕೆ ತೂರಿಸಿ ಸುಣ್ಣ ಕೆರೆದು, ತವರ-ಸೀಸದ ಬೆಸುಗೆಯಿಂದ ಮತ್ತೆ ಕೂರಿಸುವುದು ನಾಜೂಕಿನ ಕೆಲಸ. ಆ ಬೆಸುಗೆ 190 ಡಿಗ್ರಿಯ ಆಸುಪಾಸಿನಲ್ಲೇ ಕರಗುವುದರಿಂದ ಒಂದು ತೂತು ಮುಚ್ಚಲು ಗ್ಯಾಸ್ ಜ್ವಾಲೆ ಹಿಡಿದರೆ ಪಕ್ಕದ ನಾಲ್ಕು ಬಿಟ್ಟುಕೊಳ್ಳುತ್ತವೆ. ಸೀಸದ ಹೊಗೆ ಉಸಿರಿಗೆ ಹೋಗದಂತೆ ಗಾಳಿಯಾಡುವ ಕಡೆ ಕೂರಬೇಕು. ಹೊಸ ವಾಹನಗಳಿಗೆ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ಕಿನ ರೇಡಿಯೇಟರ್ ಬಂದ ಮೇಲೆ ಕೆಟ್ಟದ್ದನ್ನು ಎಸೆದು ಹೊಸದು ಹಾಕುವುದೇ ರೂಢಿಯಾಗಿದೆ. ಬೆಸುಗೆಯ ಕೈಗಳಿಗೆ ಕೆಲಸ ಕಡಿಮೆಯಾದಂತೆ ಕಲಿಯುವವರೂ ಕಡಿಮೆಯಾಗುತ್ತಾರೆ. ಚನ್ನಪಟ್ಟಣದ ಬೊಂಬೆಯ ಕುಶಲತೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಹೆದ್ದಾರಿ ಬದಿಯ ರೇಡಿಯೇಟರ್ ಶೆಡ್ಡಿನ ಕುಶಲತೆಯನ್ನು ಗುರುತಿಸುವವರು ಯಾರೂ ಇಲ್ಲ.

ಪರೀಕ್ಷೆ, ಆಮೇಲಿನ ಆರೈಕೆ

ಜೋಡಿಸುವ ಮೊದಲು ಎರಡು ಕಡೆಗಳನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ರೇಡಿಯೇಟರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಮುಚ್ಚಳ ತಾಳುವಷ್ಟೇ ಗಾಳಿ ಕೊಟ್ಟು ಗುಳ್ಳೆ ನೋಡುವುದು ರೂಢಿ. ಶಾಖ ವಿನಿಮಯಕದ ಪಂಪ್ ಕಡೆಯನ್ನು ಗಾಳಿಯಿಂದ ಪರೀಕ್ಷಿಸುವುದು ಅಪಾಯ, ಒಡೆದರೆ ಸಿಡಿಯುತ್ತದೆ. ನೀರು ತುಂಬಿ ಕೈಪಂಪಿನಿಂದ ದುಡಿಮೆಯ ಒತ್ತಡದ ಒಂದೂವರೆಪಟ್ಟಿಗೆ ಏರಿಸಿ ಕಾಲು ಗಂಟೆ ಬಿಡಬೇಕು.

ಕೆಲವು ಹಳೆಯ ವಾಹನಗಳಲ್ಲಿ ಪಂಪ್‌ನ ನೀರನ್ನು ನೇರವಾಗಿ ರೇಡಿಯೇಟರಿಗೆ ಬಿಡುವ ಒಂದು ತಿರುಪು ಇರುತ್ತದೆ. ಬೆಂಕಿಯ ನಡುವೆ ಎಂಜಿನ್ ನೀರು ಮುಗಿದರೆ ಕೊನೆಯ ಉಪಾಯವೆಂದು ಇಟ್ಟದ್ದು ಅದು. ಕಾದ ಎಂಜಿನ್ನಿಗೆ ತಣ್ಣೀರು ರಭಸದಿಂದ ನುಗ್ಗಿದರೆ ಬ್ಲಾಕ್ ಬಿರಿಯಬಹುದು, ಕವಾಟ ಪೂರ್ತಿ ತೆರೆದರೆ 7 ಕಿಲೋ ಒತ್ತಡಕ್ಕೆ ರೇಡಿಯೇಟರ್ ಒಡೆಯಬಹುದು. ಕೆರೆಯ ಕೆಸರು ಒಳಸೇರುವುದಂತೂ ಖಚಿತ. ಪ್ರದರ್ಶನದ ವಾಹನದಲ್ಲಿ ಆ ತಿರುಪನ್ನು ಇದ್ದಂತೆಯೇ ಉಳಿಸಿ, ಒಳದಾರಿಯನ್ನು ತಾಮ್ರದ ಬಿಲ್ಲೆಯಿಂದ ಮುಚ್ಚಿಡುವುದು ಕ್ಷೇಮ. ನೋಟವೂ ಕೆಡುವುದಿಲ್ಲ.

ತುಂಬುವ ನೀರು ಕೊಳವೆಬಾವಿಯದಾಗಬಾರದು. ಬಟ್ಟಿ ಇಳಿಸಿದ ನೀರು ಉತ್ತಮ, ಶುದ್ಧವಾಗಿ ಹಿಡಿದಿಟ್ಟ ಮಳೆನೀರೂ ಆದೀತು. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲದಿದ್ದರೂ ತುಕ್ಕು ತಡೆಯುವ ಸಲುವಾಗಿ ಕೂಲೆಂಟ್ ಬೆರೆಸಬೇಕು. ಹಿತ್ತಾಳೆ ಮತ್ತು ಬೆಸುಗೆಗೆ ಹೊಂದುವ ಬಗೆಯನ್ನೇ ಕೇಳಿ ತರುವುದು ಒಳಿತು. ಕೂಲೆಂಟಿನಲ್ಲಿರುವ ಗ್ಲೈಕಾಲ್ ಸಿಹಿಯಾದ ವಿಷ. ಇಳಿಸಿದ ನೀರನ್ನು ಅಂಗಳದಲ್ಲಿ ಬಿಟ್ಟರೆ ನಾಯಿಯೋ ಕರುವೋ ನೆಕ್ಕಿ ಸಾಯಬಹುದು. ಸುರುಳಿ ತೂತಾಗಿದ್ದರೆ ಇದೇ ವಿಷ ವಾಹನದ ಟ್ಯಾಂಕಿಗೂ ಸೇರುತ್ತದೆ ಎಂಬುದನ್ನು ಮರೆಯಬಾರದು. ಪ್ರದರ್ಶನದ ದಿನ ಮಕ್ಕಳ ಮೇಲೆ ಚಿಮ್ಮಿಸುವುದು ಆ ಟ್ಯಾಂಕಿನ ನೀರನ್ನೇ ಅಲ್ಲವೇ?

ಕೊನೆಯ ಪರೀಕ್ಷೆ ನೀರಿನ ಬಳಿಯೇ ನಡೆಯಬೇಕು. ವಾಹನವನ್ನು ನಿಲ್ಲಿಸಿ, ತೊಟ್ಟಿ ಅಥವಾ ಕೆರೆಯಿಂದ ನೀರೆಳೆದು ಅಲ್ಲಿಗೇ ಮರಳಿ ಬಿಡುತ್ತ ಕನಿಷ್ಠ ಒಂದು ಗಂಟೆ ಪಂಪ್ ನಡೆಸಿ, ಹತ್ತು ಹತ್ತು ನಿಮಿಷಕ್ಕೆ ಉಷ್ಣತೆಯನ್ನು ಬರೆದಿಡಬೇಕು. ಮೊದಲ ಅರ್ಧ ಗಂಟೆ ಏರಿ ಆಮೇಲೆ ಒಂದೆಡೆ ನಿಂತರೆ ಸರಿ. ನಿಲ್ಲದೆ ಏರುತ್ತಲೇ ಹೋದರೆ ಎಲ್ಲೋ ಹರಿವು ಸಾಲುತ್ತಿಲ್ಲ. ತಂಪುಕೊಳವೆಯ ಮರಳುವ ತುದಿಯನ್ನು ಮುಟ್ಟಿದರೆ ಅದು ಒಳಹೋಗುವ ತುದಿಗಿಂತ ಬೆಚ್ಚಗಿರಬೇಕು. ಎರಡೂ ಒಂದೇ ತಣ್ಣಗಿದ್ದರೆ ನೀರು ಹರಿಯುತ್ತಿಲ್ಲ, ಇಲ್ಲವೇ ಸುರುಳಿಯ ಮೇಲಿನ ಸುಣ್ಣ ಹೋಗಿಲ್ಲ. ಪರೀಕ್ಷೆ ಮುಗಿದ ಮೇಲೆ ಜಾಲರಿಯನ್ನು ಮತ್ತೊಮ್ಮೆ ತೆಗೆದು ತೊಳೆದು, ಪಂಪ್ ಕಡೆಯ ಕೊಳವೆಗಳ ಕಾಕುಗಳನ್ನೆಲ್ಲ ತೆರೆದು ಖಾಲಿ ಮಾಡಿ, ರೇಡಿಯೇಟರಿನ ಕತ್ತಿಗೆ ಒಂದು ತಗಡಿನ ಚೀಟಿ ಕಟ್ಟಬೇಕು. ಒಳಗಿರುವುದು ಯಾವ ನೀರು, ಯಾವ ಕೂಲೆಂಟ್, ತುಂಬಿದ ದಿನಾಂಕ ಯಾವುದು ಎಂಬಿಷ್ಟು ಅದರ ಮೇಲೆ ಬರೆದಿದ್ದರೆ ಸಾಕು.